ಒಲೆಯ ಪಕ್ಕದ ಬ್ಯಾಟರಿ

ಡಿಸೆಂಬರ್ ೧೦, ಮಂಗಳವಾರ

ಇವತ್ತು ಕಾರು ಕೈಕೊಟ್ಟಿತು. ಕೀಲಿ ತಿರುಗಿಸಿದರೆ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಹೊರಗೆ ಮೈನಸ್ ಇಪ್ಪತ್ತಾರು. ಮಾವ ಆಗಲೇ ಕುರಿಚರ್ಮದ ಕೋಟು ಹೊದ್ದು ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ಅವರು ನನ್ನೊಡನೆ ನೇರವಾಗಿ ಮಾತಾಡುವುದು ಅಪರೂಪ. ಏನಿದ್ದರೂ ಕಿಟಕಿಗೆ ಹೇಳುತ್ತಾರೆ.

"ಇವತ್ತು ಹೋಗೋ ಯೋಗ ಇಲ್ಲ ಅಂತ ಕಾಣುತ್ತೆ" ಎಂದರು ಕಿಟಕಿಗೆ.

ಕಿಟಕಿ ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಪಕ್ಕದ ಮನೆಯ ಶಾರ್ಶೆನ್‌ನನ್ನು ಹಾಸಿಗೆಯಿಂದ ಎಬ್ಬಿಸಿದೆ. ಅವನು ಒಳಚಡ್ಡಿಯ ಮೇಲೆ ಕೋಟು ಹಾಕಿಕೊಂಡೇ ಬಂದು, ತನ್ನ ಕಾರಿನಿಂದ ತಂತಿ ಎಳೆದು ನಮ್ಮದಕ್ಕೆ ಜೀವ ಬರಿಸಿದ. "ಅಕ್ಕಾ, ಇದು ಬ್ಯಾಟರಿನಾ, ಮಕ್ಕಳ ಊಟದ ಡಬ್ಬಿನಾ? ಜಪಾನಿನವರು ಇದನ್ನ ಬೆಚ್ಚಗಿರೋ ಊರಿಗೆ ಅಂತ ಮಾಡಿದ್ದು. ನಮ್ಮ ಆಟ್-ಬಾಶಿಗಲ್ಲ. ದೊಡ್ಡದು ಹಾಕಿಸು" ಎಂದ.

ನರೀನ್ ಪಟ್ಟಣದ ಆಸ್ಪತ್ರೆಗೆ ತಲುಪಿದ್ದು ಒಂದು ಗಂಟೆ ತಡ. ಮಾವನಿಗೆ ಮಂಗಳ, ಗುರು, ಶನಿವಾರ ಡಯಾಲಿಸಿಸ್. ಆ ಯಂತ್ರ ಯಾರಿಗೂ ಕಾಯುವುದಿಲ್ಲ. ಒಬ್ಬರು ಏಳುವಷ್ಟರಲ್ಲಿ ಇನ್ನೊಬ್ಬರು ಬಾಗಿಲಲ್ಲಿ ನಿಂತಿರುತ್ತಾರೆ. ಮಾವನನ್ನು ನಾಲ್ಕು ತಾಸಿನ ಬದಲು ಮೂರೇ ತಾಸಿಗೆ ಯಂತ್ರದಿಂದ ಎಬ್ಬಿಸಿದರು. ನರ್ಸ್ ದಿನಾರಾ ಬೈದದ್ದು ನನಗೆ. "ಒಂದು ಸಲ ತಪ್ಪಿದರೆ ನೀರು ಶ್ವಾಸಕೋಶಕ್ಕೆ ಹೋಗುತ್ತೆ. ಎರಡು ಸಲ ತಪ್ಪಿದರೆ ಆಮೇಲೆ ನನ್ನನ್ನ ಕೇಳಬೇಡಿ" ಎಂದಳು.

ನಮ್ಮವರು ಕಾರಾ-ಕೆಚೆ ಗಣಿಯಲ್ಲಿ ಕಲ್ಲಿದ್ದಲ ಲಾರಿ ಓಡಿಸುತ್ತಾರೆ. ಚಳಿಗಾಲ ಮುಗಿಯುವವರೆಗೆ ಅವರು ಮನೆಯ ಮುಖ ನೋಡುವುದಿಲ್ಲ. ಮಕ್ಕಳಿಬ್ಬರೂ ಬಿಷ್ಕೆಕ್‌ನ ಹಾಸ್ಟೆಲಿನಲ್ಲಿ. ಅತ್ತೆ ತೀರಿಕೊಂಡಿದ್ದಾರೆ. ಮನೆಯಲ್ಲಿರುವುದು ನಾನು, ಮಾವ, ಈ ಊಟದ ಡಬ್ಬಿ ಬ್ಯಾಟರಿ. ಮಾತಾಡಲು ಯಾರೂ ಇಲ್ಲ ಎಂದೇ ಬರೆಯುತ್ತಿದ್ದೇನೆ.


ಡಿಸೆಂಬರ್ ೧೪, ಶನಿವಾರ

ಮಂಗಳವಾರವೇ ನಮ್ಮವರಿಗೆ ಫೋನಿನಲ್ಲಿ ಹೇಳಿದ್ದಕ್ಕೆ, ಸಂಜೆ ಬ್ಯಾಟರಿ ಬಿಚ್ಚಿ ಒಳಗೆ ತಂದು ಒಲೆಯ ಪಕ್ಕ ಇಡು ಎಂದರು. ನಾನು ಸ್ಪ್ಯಾನರ್ ಹಿಡಿದು ಹೊರಟಾಗ ಮಾವ ಬಂದು ಗೋಡೆಯನ್ನು ಕೇಳಿದರು: "ಯಾರಿಗೆ ಹೇಳಿಕೊಡ್ತಿದಾನಂತೆ ಅವನು? ಸಾಮೂಹಿಕ ಜಮೀನಿನ ಟ್ರಾಕ್ಟರುಗಳನ್ನ ಯಾರು ನೋಡ್ಕೋತಿದ್ದದ್ದು, ಅವನಾ?"

ಸ್ಪ್ಯಾನರ್ ಕಿತ್ತುಕೊಂಡು ಹೋದರು. ಅಂದಿನಿಂದ ಅದು ಅವರ ಕೆಲಸ. ಕತ್ತಲಾಗುವ ಮುಂಚೆ ಬಿಚ್ಚುತ್ತಾರೆ, ಬೆಳಿಗ್ಗೆ ನಾನು ಹಾಲು ಬಿಸಿಗಿಡುವಾಗ ಜೋಡಿಸುತ್ತಾರೆ. ಎಡಗೈಯಲ್ಲಿ ಸೂಜಿ ಚುಚ್ಚುವ ನಾಳವಿರುವುದರಿಂದ ಅದರಲ್ಲಿ ಭಾರ ಎತ್ತುವಂತಿಲ್ಲ. ಬಲಗೈಯೊಂದರಲ್ಲೇ ಎದೆಗವಚಿಕೊಂಡು ತರುತ್ತಾರೆ. ನನ್ನ ಹೊಲಿಗೆಯ ಬುಟ್ಟಿಯಿಂದ ಒಂದು ಒಳ್ಳೆಯ ಕಂಬಳಿ ತುಂಡು ಕೇಳದೆ ತೆಗೆದುಕೊಂಡು ಅದರ ಕೆಳಗೆ ಹಾಸಿದ್ದಾರೆ. ಚಳಿಯಲ್ಲಿ ಹುಟ್ಟಿದ ಕುರಿಮರಿಯನ್ನು ಒಳಗೆ ತಂದು ಮಲಗಿಸುತ್ತೇವಲ್ಲ, ಹಾಗೆ ಮಲಗಿರುತ್ತದೆ. ನನಗಿಂತ ಅದರ ಜೊತೆಗೇ ಅವರ ಮಾತು ಜಾಸ್ತಿ. ನಿನ್ನೆ ರಾತ್ರಿ ಅದರ ತಲೆ ತಟ್ಟಿ, "ಬೆಳಿಗ್ಗೆ ಮರ್ಯಾದೆ ಉಳಿಸು" ಎಂದರು.

ಉಳಿಸಿತು. ಮೊದಲ ತಿರುವಿಗೇ ಹೊರಟಿತು.


ಡಿಸೆಂಬರ್ ೨೧, ಶನಿವಾರ

ವಾರವಿಡೀ ಕಾರು ಸರಿಯಾಗಿತ್ತು. ಮಾವನೂ ಸರಿಯಾಗಿದ್ದರು. ಕುಡಿಯುವ ನೀರಿಗೆ ಅಳತೆ, ಉಪ್ಪಿಲ್ಲದ ಸಾರು ಎಂದು ಗೊಣಗುವುದು ಇದ್ದೇ ಇದೆ.

ಇವತ್ತು ಅವರ ಪಕ್ಕದ ಯಂತ್ರದಲ್ಲಿ ಬುರ್ಮಾಕಾನಜ್ಜಿ ಇದ್ದರು. ನಮ್ಮದೇ ಬೀದಿಯ ಕೊನೆಯ ಮನೆ. ತಂಗಿಯ ಮಗ ಕಾರಿನಲ್ಲಿ ಕರೆತರುತ್ತಾನೆ. ಅಜ್ಜಿಯ ಬಾಯಿಗೆ ಬೀಗವಿಲ್ಲ. ಊರವರು ಮಾವನನ್ನು ಉಸ್ತಾ ಎನ್ನುತ್ತಾರೆ, ಮೇಸ್ತ್ರಿ ಎಂದ ಹಾಗೆ.

"ಏನು ಉಸ್ತಾ, ಇಷ್ಟು ದೊಡ್ಡ ಯಂತ್ರ ಹಾಕಿದಾರೆ ನಿನಗೆ, ಇನ್ನೂ ಮುಖದಲ್ಲಿ ನಗು ಸ್ಟಾರ್ಟ್ ಆಗ್ತಿಲ್ವಲ್ಲ?"

ಮಾವ ಮುಖ ಆ ಕಡೆ ತಿರುಗಿಸಿದರು. ಡಾಕ್ಟರು ಬಂದಾಗ ಮಾತ್ರ ಒಂದು ಪ್ರಶ್ನೆ ಕೇಳಿದರು. "ಇದು ಯಾವತ್ತು ಮುಗಿಯುತ್ತೆ?"

ಡಾಕ್ಟರು ಚಿಕ್ಕ ವಯಸ್ಸಿನವರು. ಸುಳ್ಳು ಹೇಳಲು ಬರುವುದಿಲ್ಲ. "ಇದು ಮುಗಿಯೋದಲ್ಲ ಅಜ್ಜ. ಇರೋವರೆಗೂ ಇರುತ್ತೆ" ಎಂದರು.

ಬರುವಾಗ ದಾರಿಯುದ್ದಕ್ಕೂ ಮಾವ ಕಿಟಕಿಗೂ ಏನೂ ಹೇಳಲಿಲ್ಲ. ನಾನು ಕನ್ನಡಿಯಲ್ಲಿ ಎರಡು ಮೂರು ಸಲ ನೋಡಿದೆ. ನಿದ್ದೆ ಮಾಡುತ್ತಿರಲಿಲ್ಲ.


ಡಿಸೆಂಬರ್ ೨೬, ಗುರುವಾರ

ಇವತ್ತು ಆಸ್ಪತ್ರೆಗೆ ಹೋಗಲಾಗಲಿಲ್ಲ. ಬೆಳಿಗ್ಗೆ ಕೀಲಿ ತಿರುಗಿಸಿದರೆ ಟಕ್ ಎಂಬ ಸದ್ದೂ ಇಲ್ಲ. ಮುಚ್ಚಳ ಎತ್ತಿ ಮುಟ್ಟಿದರೆ ಬ್ಯಾಟರಿ ಬಾವಿಕಟ್ಟೆಯ ಕಲ್ಲಿನ ಹಾಗೆ ತಣ್ಣಗೆ. ಮಾವ ಸಂಜೆ ಒಳಗೆ ತರುವುದನ್ನು ಮರೆತರಂತೆ. ಶಾರ್ಶೆನ್ ಊರಲ್ಲಿಲ್ಲ. ಬುರ್ಮಾಕಾನಜ್ಜಿ ಆಗಲೇ ಹೊರಟು ಹೋಗಿದ್ದರು. ಸಂತೆಯ ಹತ್ತಿರ ಟ್ಯಾಕ್ಸಿ ಹುಡುಕಿಕೊಂಡು ಬರುವಷ್ಟರಲ್ಲಿ ದಿನಾರಾ ಫೋನು ಮಾಡಿ, ಸರದಿ ಬೇರೆಯವರಿಗೆ ಹೋಯಿತು, ಶನಿವಾರ ಬನ್ನಿ ಎಂದಳು.

ಮಾವ ಚೆನ್ನಾಗಿ ಊಟ ಮಾಡಿದರು. ಬೇಡವೆಂದರೂ ಎರಡು ಬಟ್ಟಲು ಚಹಾ ಕುಡಿದರು. ಸಂಜೆಗೆ ಕಣ್ಣಿನ ಕೆಳಗೆ, ಪಾದದ ಮೇಲೆ ಊತ. ಬೆರಳಿಟ್ಟು ಒತ್ತಿದರೆ ಹಿಟ್ಟಿನಲ್ಲಿ ಒತ್ತಿದ ಹಾಗೆ ಗುಳಿ ಬೀಳುತ್ತದೆ. ನಾನು ಗಳಿಗೆಗೊಮ್ಮೆ ಹೋಗಿ ಒತ್ತಿ ನೋಡುತ್ತಿದ್ದೇನೆ. ಅವರು ಮಾತ್ರ ಆರಾಮವಾಗಿ ದಿಂಬಿಗೆ ಒರಗಿ ಸೂರು ನೋಡುತ್ತಿದ್ದಾರೆ.

ನಿನ್ನೆ ಸಂಜೆ ಒಲೆಗೆ ಕಲ್ಲಿದ್ದಲು ಹಾಕುವಾಗ ಬ್ಯಾಟರಿಗೆ ಕಾಲು ತಗುಲಿ ಬೈದುಕೊಂಡ ನೆನಪು. ಅದು ಮೊನ್ನೆಯೂ ಇರಬಹುದು. ಎಲ್ಲ ದಿನಗಳೂ ಒಂದೇ ಥರ ಆಗಿಬಿಟ್ಟಿವೆ.

ಒಳಗೆ ತರಲು ಮರೆತರೂ ನಡೆಯುವ ಬ್ಯಾಟರಿ ಬೇಕು. ಭಾನುವಾರ ಸಂತೆಗೆ ಹೋಗಿ ದೊಡ್ಡದು ತರುತ್ತೇನೆ.


ಡಿಸೆಂಬರ್ ೨೯, ಭಾನುವಾರ

ಒಲೆಯ ಪಕ್ಕ ಬೆಚ್ಚಗಾದ ಬ್ಯಾಟರಿಗೆ ಕಾರು ಹೊರಟಿತು, ಶನಿವಾರದ ಸರದಿ ಸಿಕ್ಕಿತು, ಊತ ಇಳಿಯಿತು, ದೇವರು ದೊಡ್ಡವನು. ದೊಡ್ಡ ಬ್ಯಾಟರಿ ತರುತ್ತೇನೆಂದು ನಿನ್ನೆಯೇ ಮಾವನಿಗೆ ಕೇಳುವಂತೆ ಹೇಳಿದ್ದೆ. "ಇರೋದೇ ಚೆನ್ನಾಗಿದೆ. ಒಲೆ ಪಕ್ಕ ಇಟ್ಟರೆ ಸಾಕು" ಎಂದು ಕಿಟಕಿಗೆ ಹೇಳಿದರು. ನಾನು ಕೇಳಿಸದವಳ ಹಾಗೆ ಇವತ್ತು ಸಂತೆಗೆ ಹೋದೆ.

ಕುರಿ ಕುದುರೆ ಮಾರುವ ಕಡೆ ದಾಟಿದರೆ ಬಿಡಿಭಾಗದವರ ಸಾಲು. ಅಂಗಡಿಯವನು ನಮ್ಮದಕ್ಕಿಂತ ಒಂದೂವರೆಪಟ್ಟು ಇರುವುದನ್ನು ತೆಗೆದಿಟ್ಟ. ಹೊತ್ತು ತರುವಾಗ ಸೊಂಟ ಬಿದ್ದುಹೋಯಿತು. ಪ್ಲಸ್ಸು ಯಾವ ಕಡೆ ಬೇಕು, ಎಡಕ್ಕೋ ಬಲಕ್ಕೋ ಎಂದು ಅವನು ಕೇಳಿದ್ದ. "ನಮ್ಮ ಮಾವ ಉಸ್ತಾ, ಅವರು ನೋಡ್ಕೋತಾರೆ" ಎಂದು ಜಂಬದಿಂದ ಹೇಳಿ ಬಂದೆ.

ಮಾವ ಬ್ಯಾಟರಿಯನ್ನು ಸುತ್ತು ಬಂದು ನೋಡಿದರು. ಬಲಗೈಯಲ್ಲಿ ಎತ್ತಲು ನೋಡಿದರು. ನೆಲದಿಂದ ಏಳಲಿಲ್ಲ. ಮುಖ ಗಂಟಿಕ್ಕಿತು. ನಾನೇ ಎತ್ತಿ ಕಾರಿನಲ್ಲಿಟ್ಟೆ. ಕೆಳಗಿನ ತಟ್ಟೆ ಸಾಲದೆ ಒಂದು ತಗಡು ಮಡಚಿ ಹಾಕಿದರು, ಅದೆಲ್ಲ ಚೆನ್ನಾಗಿಯೇ ಮಾಡಿದರು. ಹೊತ್ತು ಮುಳುಗುತ್ತಿತ್ತು, ನಾನು ಟಾರ್ಚ್ ಹಿಡಿದು ನಿಂತಿದ್ದೆ. ಹಳೆಯದರಲ್ಲಿ ಪ್ಲಸ್ಸು ಕಾರಿನ ಮುಂದಿನ ಗಾಜಿನ ಕಡೆಗಿತ್ತು. ಹೊಸದರಲ್ಲಿ ಅದು ದೀಪದ ಕಡೆಗೆ ಬಂದಿತ್ತು. ಪ್ಲಸ್ಸಿನ ಗುರುತು ನನ್ನ ಮೂಗಿನ ಕೆಳಗೇ ಇತ್ತು. ಮಾವ ಎಂದಿನಂತೆ ಗಾಜಿನ ಕಡೆಯ ತುದಿಗೆ ಪ್ಲಸ್ಸಿನ ತಂತಿ ಸೇರಿಸಿದರು.

ನನ್ನ ಬಾಯಿ ತೆರೆಯಿತು. ಮತ್ತೆ ಮುಚ್ಚಿತು. ಅವರು ಉಸ್ತಾ, ನಾನು ಸೊಸೆ. ನನಗೆ ಗೊತ್ತಿಲ್ಲದ ಯಾವುದೋ ಲೆಕ್ಕ ಇರಬೇಕು ಅಂದುಕೊಂಡೆ.

ಎರಡನೆಯ ತಂತಿ ತಾಗಿಸಿದ ಕೂಡಲೇ ಚಟ್ ಎಂದು ಕಿಡಿ ಹಾರಿತು, ಏನೋ ಸುಟ್ಟ ವಾಸನೆ ಬಂತು. ಕೀಲಿ ತಿರುಗಿಸಿದರೆ ಕಾರು ಸತ್ತ ಹಾಗೆ ಬಿದ್ದಿತ್ತು. ಮಾವ ತುಂಬ ಹೊತ್ತು ತಮ್ಮ ಕೈಗಳನ್ನೇ ನೋಡುತ್ತಾ ನಿಂತಿದ್ದರು. ಆಮೇಲೆ ಒಳಗೆ ಹೋದರು. ಊಟಕ್ಕೆ ಬರಲಿಲ್ಲ.


ಡಿಸೆಂಬರ್ ೩೧, ಮಂಗಳವಾರ

ಟ್ಯಾಕ್ಸಿಯಲ್ಲಿ ಹೋದೆವು. ಅದು ಆಳು ತುಂಬದೆ ಹೊರಡುವುದಿಲ್ಲ. ಹಬ್ಬದ ಸಾಮಾನು ಹೊತ್ತವರ ಮಧ್ಯೆ ಮಾವನನ್ನು ಮೂಟೆಯಂತೆ ತುರುಕಿದರು. ಬರುವಾಗ ಯಾರೂ ನಾಲ್ಕು ಗಂಟೆ ಕಾಯುವುದಿಲ್ಲವಲ್ಲ, ಯಂತ್ರದಿಂದ ಎದ್ದು ತೂರಾಡುತ್ತಿದ್ದವರನ್ನು ಬೀದಿಯಲ್ಲಿ ನಿಲ್ಲಿಸಿಕೊಂಡು ಕಂಡ ಕಾರಿಗೆಲ್ಲ ಕೈ ಅಡ್ಡ ಹಾಕಿದೆ. ಸಿಕ್ಕ ಕಾರಿನಲ್ಲಿ ಅವರಿಗೆ ವಾಂತಿಯಾಯಿತು. ಡ್ರೈವರ್ ಬಾಯಿಗೆ ಬಂದಂತೆ ಬೈದ. ಮಾವ ತಮ್ಮ ಟೋಪಿ ತೆಗೆದು ಅದರಲ್ಲೇ ಒರೆಸಲು ಹೋದರು.

ಹೊಸ ವರ್ಷಕ್ಕೆಂದು ಹಿಟ್ಟು ಕಲಸಿದ್ದೆ. ಕರಿಯಲು ಮನಸ್ಸಾಗಲಿಲ್ಲ.


ಜನವರಿ ೩, ಶುಕ್ರವಾರ

ಮೊನ್ನೆ ಹೊಸ ವರ್ಷದ ದಿನವೇ ಶಾರ್ಶೆನ್ ಬಂದು ಸುಟ್ಟುಹೋದ ಫ್ಯೂಸ್ ಬದಲಾಯಿಸಿದ. ಹಳೆಯ ಬ್ಯಾಟರಿಯನ್ನೇ ಹಾಕಿಕೊಂಡು ನಿನ್ನೆ ಹೋಗಿಬಂದೆವು. ಶಾರ್ಶೆನ್ ಮೊನ್ನೆ ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ: "ಅಕ್ಕಾ, ತಪ್ಪು ತಿಳ್ಕೋಬೇಡ. ಪ್ಲಸ್ಸು ಮೈನಸ್ಸು ಅಜ್ಜನಿಗೆ ಗೊತ್ತಾಗಲಿಲ್ಲ ಅಂದ್ರೆ ನಾನು ನಂಬಲ್ಲ."

ಆ ಮಾತು ಮುಳ್ಳಿನ ಹಾಗೆ ಕೂತುಬಿಟ್ಟಿತು. ಅದರ ಹಿಂದೆಯೇ ಇಪ್ಪತ್ತೈದರ ಸಂಜೆಯೂ ಬಂತು. ಒಲೆ, ಕಲ್ಲಿದ್ದಲಿನ ಬಕೀಟು, ಕಾಲಿಗೆ ತಗುಲಿದ ಬ್ಯಾಟರಿ. ಅದು ಇಪ್ಪತ್ನಾಲ್ಕರದಲ್ಲ, ಅದರ ಹಿಂದಿನದೂ ಅಲ್ಲ. ಕಲ್ಲಿದ್ದಲು ಹೊಸ ಮೂಟೆಯದು, ಅದನ್ನು ಬಿಚ್ಚಿದ್ದೇ ಅವತ್ತು.

ಮಧ್ಯಾಹ್ನ ಮಾವ ರೊಟ್ಟಿ ಮುರಿಯುತ್ತಿದ್ದರು. ಎದುರು ಕೂತು ಕೇಳಿಯೇಬಿಟ್ಟೆ.

"ಮಾವ, ಅವತ್ತು ಸಂಜೆ ಬ್ಯಾಟರಿ ಒಳಗೇ ಇತ್ತು. ನಾನು ಎಡವಿದೀನಿ. ನೀವು ಮತ್ತೆ ಹೊರಗಿಟ್ಟು ಬಂದ್ರಿ."

ಅವರು ರೊಟ್ಟಿ ಕೆಳಗಿಟ್ಟರು. ಕಿಟಕಿ ನೋಡಲಿಲ್ಲ. ಗೋಡೆ ನೋಡಲಿಲ್ಲ.

"ಹೂಂ" ಎಂದರು.

"ಯಾಕೆ?"

"ಸಾಕಾಗಿದೆ. ವಾರಕ್ಕೆ ಮೂರು ಸಲ ನೀನು ಹಿಮ ಕೆರೆದು, ಕಾರು ಬಿಸಿ ಮಾಡಿ, ನನ್ನನ್ನ ಕೂರಿಸ್ಕೊಂಡು... ಇದಕ್ಕೆ ಕೊನೆ ಇಲ್ವಂತೆ. ಬರಲ್ಲ ಅಂತ ನಾನು ಹೇಳಿದ್ರೆ ಮಗ ಕೂಗಾಡ್ತಾನೆ, ಜನ ನಿನ್ನನ್ನ ಆಡಿಕೊಳ್ತಾರೆ, ಸೊಸೆ ಸರಿಯಾಗಿ ನೋಡ್ಕೊಳ್ಳಲಿಲ್ಲ ಅಂತ. ಕಾರು ಹೊರಡದಿದ್ರೆ ಯಾರ ತಪ್ಪೂ ಅಲ್ಲ ನೋಡು. ನಂದೂ ಅಲ್ಲ, ನಿಂದೂ ಅಲ್ಲ. ಚಳಿದು."

"ಅಂದ್ರೆ ಚಳಿ ಮೇಲೆ ಹಾಕಿ ಸಾಯೋಣ ಅಂತಿದ್ರಾ?"

ನಾನು ಕಿರುಚಿದೆ. ಈ ಮನೆಗೆ ಬಂದಮೇಲೆ ಅವರೆದುರು ನನ್ನ ದನಿ ಒಲೆಯ ಸದ್ದಿಗಿಂತ ಮೇಲೆ ಹೋಗಿದ್ದಿಲ್ಲ. "ನಿಮ್ಮನ್ನ ಕರ್ಕೊಂಡು ಹೋಗೋದು ಕಷ್ಟ ಅಂತ ನಾನು ಯಾವತ್ತಾದ್ರೂ ಅಂದಿದೀನಾ?"

"ಅಂದಿಲ್ಲ. ನೀನು ಏನೂ ಅನ್ನಲ್ವಲ್ಲ. ಅದೇ ಕಷ್ಟ."

ಸಿಟ್ಟಿನಲ್ಲಿ ಇನ್ನೊಂದನ್ನೂ ಕೇಳಿದೆ. "ಹಂಗಾದ್ರೆ ತಂತಿನೂ ಬೇಕಂತಲೇ ಅದಲುಬದಲು ಮಾಡಿದ್ರಾ?"

ಆಗ ನೋಡಬೇಕಿತ್ತು ಅವರ ಮುಖ. "ತಂತಿನಾ? ನನ್ನ ಕೆಲಸದಲ್ಲಿ ನಾನು ಬೇಕಂತ ತಪ್ಪು ಮಾಡ್ತೀನಾ? ಕೆಂಪು ತಂತಿ ಎಣ್ಣೆ ಹಿಡಿದು ಕರೀ ಆಗಿದೆ, ಹತ್ತಿರದ್ದು ನನಗೆ ಕಾಣಲ್ಲ, ಯಾವಾಗ್ಲೂ ಇರೋ ಕಡೆಗೇ ಹಾಕಿದೆ." ಅರ್ಧಕ್ಕೆ ನಿಲ್ಲಿಸಿ ನನ್ನನ್ನೇ ನೋಡಿದರು. "ನೀನು ಟಾರ್ಚ್ ಹಿಡಿದು ಅಲ್ಲೇ ನಿಂತಿದ್ದೆ. ನಿನಗೆ ಕಾಣಲಿಲ್ವಾ?"

"ಕಾಣ್ತು."

"ಕಂಡು?"

"ನಿಮ್ಮದು ತಪ್ಪು ಅಂತ ನಾನು ಹೇಗೆ ಹೇಳೋದು ಮಾವ?"

ಅವರು ರೊಟ್ಟಿಯನ್ನು ಮತ್ತೆ ಕೈಗೆತ್ತಿಕೊಂಡರು. "ನಿಮ್ಮತ್ತೆ ಇದ್ದಿದ್ರೆ ಇಬ್ಬರಿಗೂ ಸೌಟಲ್ಲಿ ಬಾರಿಸ್ತಿದ್ದಳು" ಎಂದರು. ನನಗೆ ಅಳು ಬರುತ್ತಿತ್ತು, ಅದರ ಮಧ್ಯೆ ನಗುವೂ ಬಂದುಬಿಟ್ಟಿತು. ಎದ್ದು ಪಾತ್ರೆ ತೊಳೆಯಲು ಹೋದೆ. ನಮ್ಮವರಿಗೆ ಈ ವಿಷಯ ಹೇಳುವುದಿಲ್ಲ.


ಜನವರಿ ೫, ಭಾನುವಾರ

ಸಂತೆಯವನು ಬ್ಯಾಟರಿ ಬದಲಾಯಿಸಿ ಕೊಟ್ಟ. "ಉಸ್ತಾ ನೋಡ್ಕೋತಾರೆ ಅಂದ್ರಿ?" ಎಂದು ಹಲ್ಲು ಕಿರಿದ. ಅಷ್ಟೇ ದೊಡ್ಡದು, ಪ್ಲಸ್ಸು ಮಾತ್ರ ನಮಗೆ ಬೇಕಾದ ಕಡೆ.

ಬೆಳಕಿರುವಾಗಲೇ ಇಬ್ಬರೂ ಸೇರಿ ಕೂರಿಸಿದೆವು. ಎತ್ತುವುದು ನಾನು, ಬಿಗಿಯುವುದು ಅವರು.

"ಇದು ಪ್ಲಸ್ಸಾ?"

"ಪ್ಲಸ್ಸು."

"ಸರಿಯಾಗಿ ನೋಡು."

"ನೋಡಿದೆ. ನನ್ನ ಬೆರಳು ಅದರ ಮೇಲೇ ಇದೆ. ಅಲ್ಲಲ್ಲ, ನೀವು ಹಿಡಿದಿರೋದು ಮೈನಸ್ಸಿಂದು, ಬಿಡಿ ಅದನ್ನ!"

"ಕಿವಿ ತೂತು ಮಾಡಬೇಡ, ಬಿಟ್ಟೆ" ಎಂದರು.

ಕೀಲಿ ಮುಟ್ಟಿದ್ದೇ ತಡ, ಎದ್ದು ಕೂತಿತು ಕಾರು. ನನಗೆ ಕುಣಿಯುವಷ್ಟು ಖುಷಿಯಾಯಿತು. ಮಾವ ಸ್ಪ್ಯಾನರ್ ಒರೆಸುತ್ತಾ, "ಇನ್ನು ಇದಕ್ಕೆ ಒಲೆನೂ ಬೇಡ, ನಾನೂ ಬೇಡ" ಎಂದರು.

ಅವರು ದೊಡ್ಡ ಬ್ಯಾಟರಿ ಬೇಡವೆಂದದ್ದು ಇದಕ್ಕೂ ಇರಬೇಕು ಎಂದು ಆಗ ಹೊಳೆಯಿತು. ಈ ಮನೆಯಲ್ಲಿ ಅವರಿಗಿದ್ದ ಕೆಲಸ ಅದೊಂದೇ. ನಾನು ಅದನ್ನೂ ಕಿತ್ತುಕೊಂಡೆ. ಸಂಜೆ ನೋಡಿದರೆ ಹಳೆಯ ಪುಟ್ಟ ಬ್ಯಾಟರಿ ಒಲೆಯ ಪಕ್ಕ ತನ್ನ ಕಂಬಳಿಯ ಮೇಲೆ ಮಲಗಿತ್ತು. ತೆಗೆಯಿರಿ ಎಂದು ನಾನು ಹೇಳಲಿಲ್ಲ.


ಜನವರಿ ೯, ಗುರುವಾರ

ಕಾರಿನದೇನೂ ಚಿಂತೆ ಇಲ್ಲ. ಮಾವನದೇ ಚಿಂತೆ. ಕರೆದರೆ ಬರುತ್ತಾರೆ, ಹಿಂದಿನ ಸೀಟಿನಲ್ಲಿ ಕೂರುತ್ತಾರೆ, ಕೈ ಚಾಚು ಎಂದರೆ ಚಾಚುತ್ತಾರೆ. ಗೊಣಗುವುದೂ ಇಲ್ಲ. ಉಪ್ಪಿಲ್ಲದ ಸಾರನ್ನು ತೆಪ್ಪಗೆ ಉಂಡರು. ಅದನ್ನು ಕಂಡು ನನಗೆ ಇನ್ನಷ್ಟು ಹೆದರಿಕೆಯಾಯಿತು. ಇವತ್ತು ದಿನಾರಾ ಮಂಗಳವಾರದಿಂದ ವೇಳೆ ಬದಲಾಗುತ್ತದೆ ಎಂದಾಗ, "ಮಂಗಳವಾರದ ಮಾತು ಈಗ್ಯಾಕೆ" ಎಂದು ಕಣ್ಣು ಮುಚ್ಚಿಕೊಂಡರು.

ಬುರ್ಮಾಕಾನಜ್ಜಿ ಇವತ್ತು ಬಂದಿರಲಿಲ್ಲ. ತಂಗಿಯ ಮಗನ ಕಾರು ಹೊರಡಲಿಲ್ಲವಂತೆ.


ಜನವರಿ ೧೧, ಶನಿವಾರ

ಮೈನಸ್ ಮೂವತ್ತೆಂಟು. ಉಸಿರು ಬಿಟ್ಟರೆ ಶಾಲಿನ ಮೇಲೆ ಬೆಳ್ಳಗೆ ಕೂರುತ್ತದೆ. ಬೀದಿಯಲ್ಲಿ ಒಂದು ಕಾರೂ ಎದ್ದಿರಲಿಲ್ಲ. ಶಾರ್ಶೆನ್‌ನದೂ ಸತ್ತಿತ್ತು. ನಮ್ಮದು ಕೊಂಚ ನರಳಿ, ಹೊರಟೇಬಿಟ್ಟಿತು. ಮಾವ ಹಿಂದೆ ಕೂತಾಗಿತ್ತು. ಅಷ್ಟರಲ್ಲಿ ಬುರ್ಮಾಕಾನಜ್ಜಿಯ ತಂಗಿಯ ಮಗ ಓಡುತ್ತಾ ಬಂದ. ಗುರುವಾರವೂ ತಪ್ಪಿದೆ, ರಾತ್ರಿಯಿಂದ ಅಜ್ಜಿಗೆ ಉಸಿರು ಹಿಡಿಯುತ್ತಿದೆ, ಕರೆದುಕೊಂಡು ಹೋಗುತ್ತೀರಾ ಎಂದ.

ನಾನು ಬಾಯಿ ತೆರೆಯುವ ಮೊದಲೇ ಮಾವ, "ಕೇಳೋದೇನಿದೆ, ಕರ್ಕೊಂಡು ಬಾ" ಎಂದರು.

ಅಜ್ಜಿಗೆ ಕೂರಲಾಗುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ದಿಂಬಿಗೆ ಒರಗಿಸಿ ಕಾಲು ನೀಡಿಸಬೇಕಾಯಿತು, ತಂಗಿಯ ಮಗನಿಗೆ ಜಾಗವೇ ಉಳಿಯಲಿಲ್ಲ. ಮಾವನಿಗೆ ಮುಂದೆ ಬರದೆ ಗತಿಯಿರಲಿಲ್ಲ. ಕೋಟು ಬಿಗಿದುಕೊಂಡು ನನ್ನ ಪಕ್ಕ ಮುದುರಿ ಕೂತರು. ಅಷ್ಟು ಹತ್ತಿರದಲ್ಲಿ ಅವರ ಜೊತೆ ನಾನು ಯಾವತ್ತೂ ಕೂತಿದ್ದಿಲ್ಲ.

ಕಿಜಿಲ್-ಬೇಲ್ ಕಣಿವೆಯ ಏರಿನಲ್ಲಿ ಎರಡು ಸರಕಿನ ಲಾರಿ ಒಂದರ ಹಿಂದೊಂದು ತೆವಳುತ್ತಿದ್ದವು. ಚಕ್ರದ ಸರಪಳಿಯಿಂದ ಹಿಮದ ಪುಡಿ ಎದ್ದು ಕಣ್ಣೇ ಕಾಣದು. ಇಷ್ಟು ದಿನ ಲಾರಿ ಸಿಕ್ಕರೆ ಅದರ ಬಾಲ ಹಿಡಿದೇ ಹೋಗುತ್ತಿದ್ದೆ. ಇಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಓಡುತ್ತವೆ, ನಮ್ಮ ಜಪಾನಿ ಕಾರಿನ ಸ್ಟೀರಿಂಗೂ ಬಲಕ್ಕೇ ಇದೆ. ನನಗೆ ಕಾಣುವುದು ಲಾರಿಯ ಬೆನ್ನು ಮಾತ್ರ. ಎದುರಿನಿಂದ ಏನು ಬರುತ್ತಿದೆ ಎಂದು ನೋಡಬೇಕಾದರೆ ಇಡೀ ಕಾರನ್ನೇ ಸಾವಿನ ಬಾಯಿಗೆ ಚಾಚಬೇಕು. ಅದಕ್ಕೇ ಇಂಥ ಕಾರಿನಲ್ಲಿ ಎಡಗಡೆ ಕೂತವರೇ ಡ್ರೈವರಿಗೆ ಕಣ್ಣು.

ಹಿಂದಿನಿಂದ ಅಜ್ಜಿಯ ಎದೆ ಗೊರಗೊರ ಎನ್ನುತ್ತಿತ್ತು. "ಕಾನಿಶಾಯ್, ತಾಯಿ" ಎಂದು ನನ್ನನ್ನು ಕರೆದರು. ತಮಾಷೆಯೆಲ್ಲ ಇಂಗಿಹೋಗಿತ್ತು. "ಇನ್ನೆಷ್ಟು ದೂರ? ಉಸಿರು ಸಾಲ್ತಿಲ್ಲ."

ಈ ವೇಗದಲ್ಲಿ ಹೋದರೆ ಅಜ್ಜಿ ಉಳಿಯುವುದಿಲ್ಲ ಎಂದು ಗೊತ್ತಾಯಿತು. ಕೇಳಿದೆ, "ಮಾವ, ಎದುರಿಗೆ ಖಾಲಿ ಇದೆಯಾ?"

ಅವರು ಉತ್ತರ ಕೊಡಲಿಲ್ಲ.

ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು. ಈ ಮನುಷ್ಯ ಮೊನ್ನೆ ಮೊನ್ನೆ ಚಳಿಯ ಮೇಲೆ ಹಾಕಿ ಹೊರಟುಹೋಗಲು ನೋಡಿದವರು. ಈಗ ನಾವು ಮೂವರೂ ಅವರ ಒಂದು ಮಾತಿನ ಮೇಲಿದ್ದೇವೆ. ಅವರು ಹೋಗು ಎಂದರೆ ನಾನು ಹೋಗಬೇಕು. ಅವರ ಮಾತು ಬಿಟ್ಟರೆ ನನಗೆ ಬೇರೆ ಕಣ್ಣಿಲ್ಲ.

ಮಾವ ಹಲ್ಲಿನಿಂದ ಕೈಗವಸು ಕಿತ್ತು ಕಾಲ ಬುಡಕ್ಕೆ ಎಸೆದರು. ಗಾಜಿನ ಮೇಲೆ ಕಟ್ಟಿದ ಮಂಜನ್ನು ಉಗುರಿನಿಂದ ಪರಪರ ಕೆರೆದರು. ಕೆರೆದಲ್ಲಿಗೆ ಹಣೆ ಒತ್ತಿ ನೋಡಿದರು.

"ಇರು" ಎಂದರು.

ಕಾಯುತ್ತಿದ್ದೆ. ಕಾಲು ತಾನಾಗಿ ಒತ್ತಿತು, ಕಾರು ಸ್ವಲ್ಪ ಎಡಕ್ಕೆ ವಾಲಿತು.

"ಇರು ಅಂದೆನಲ್ಲ! ಬರ್ತಿದೆ ಒಂದು. ದೀಪನೂ ಹಾಕಿಲ್ಲ ಕತ್ತೆ ನನ್ಮಗ."

ಭರ್ ಎಂದು ಕಲ್ಲಿದ್ದಲ ಲಾರಿಯೊಂದು ನಮ್ಮ ಪಕ್ಕದಲ್ಲೇ ಇಳಿದು ಹೋಯಿತು. ಕಾರು ಅಲುಗಾಡಿತು. ನಾನು ಹೋಗಿದ್ದರೆ ಈ ಪುಟ ಬರೆಯುತ್ತಿರಲಿಲ್ಲ.

"ಇನ್ನೊಂದಿದೆ. ದೂರ ಇದೆ, ಆದ್ರೂ ಇರು. ಇರು ಮಗಳೇ... ಇರು... ತಿರುವು ದಾಟಲಿ... ಈಗ! ಹೋಗು! ಹೋಗು ಹೋಗು, ಅನುಮಾನ ಮಾಡಬೇಡ, ಒತ್ತು!"

ಒತ್ತಿದೆ. ಮೊದಲನೆಯ ಲಾರಿ ಹೋಯಿತು, ಎರಡನೆಯದೂ ಹೋಯಿತು. ಅವರು "ಖಾಲಿ, ಖಾಲಿ, ಖಾಲಿ" ಎಂದು ಹೇಳುತ್ತಲೇ ಇದ್ದರು, ನಾನು ಮತ್ತೆ ಬಲಕ್ಕೆ ಬರುವವರೆಗೂ. ಕಣಿವೆ ಇಳಿಯುವಾಗ ನೋಡಿದರೆ ಅವರ ಹಣೆಯ ಮೇಲೆ ಬೆವರಿತ್ತು. ಹೊರಗೆ ಮೈನಸ್ ಮೂವತ್ತೆಂಟು.

ಅಜ್ಜಿಯನ್ನು ಸ್ಟ್ರೆಚರಿನಲ್ಲೇ ಒಳಗೆ ಓಡಿಸಿದರು. ಮೂಗಿಗೆ ಆಮ್ಲಜನಕದ ನಳಿಗೆ ಹಾಕಿ, ಯಂತ್ರ ಜೋಡಿಸಿ ಅರ್ಧ ಗಂಟೆಯಾದ ಮೇಲೆ ಕಣ್ಣು ಬಿಟ್ಟು ಪಕ್ಕಕ್ಕೆ ನೋಡಿದರು. "ಉಸ್ತಾ, ಮುಂದಿನ ಸೀಟಲ್ಲಿ ಕೂತು ಏನು ಅರಚಾಟವೋ ನಿಂದು. ಸಾಯೋಕೂ ಬಿಡಲಿಲ್ಲ" ಎಂದರು. ಮಾವ ನಕ್ಕರು. ದಿನಾರಾ ತಿರುಗಿ ನೋಡಿದಳು.

ಅಜ್ಜಿಯನ್ನು ಎರಡು ದಿನ ಅಲ್ಲೇ ಇಟ್ಟುಕೊಳ್ಳುತ್ತಾರಂತೆ. ಬರುವಾಗ ಹಿಂದಿನ ಸೀಟು ಖಾಲಿಯಿತ್ತು. ಮಾವ ಮುಂದೆ ಕೂತರು. ದಾರಿಯಲ್ಲಿ ಇನ್ನೂ ಮೂರು ಲಾರಿ ದಾಟಿದೆವು. ಒಂದನ್ನು ದಾಟುವ ಅಗತ್ಯವೇ ಇರಲಿಲ್ಲ.

ಈಗ ತಾನೇ ಅಡುಗೆಮನೆಗೆ ಬಂದು ನಿಂತರು. ಕೆರೆದ ಉಗುರು ಒಡೆದು ರಕ್ತ ಬಂದಿತ್ತು, ಬಟ್ಟೆ ಸುತ್ತಿಕೊಟ್ಟೆ. ಹೋಗಲಿಲ್ಲ, ಅಲ್ಲೇ ನಿಂತಿದ್ದರು.

"ಆ ಎಡಗಡೆ ಗಾಜು ಬಲು ಬೇಗ ಮಂಜು ಹಿಡಿಯುತ್ತೆ. ಅರ್ಧ ಜೀವ ಅದನ್ನ ಕೆರೆಯೋದ್ರಲ್ಲೇ ಹೋಯ್ತು. ಒಳಗಡೆಯಿಂದ ಉಪ್ಪು ಉಜ್ಜಿದ್ರೆ ಹಿಡಿಯಲ್ಲ. ಮಂಗಳವಾರಕ್ಕೆ ಮುಂಚೆ ಮಾಡಬೇಕು."

"ಮಂಗಳವಾರಕ್ಕಾ?" ಎಂದೆ.

"ಮತ್ತೆ? ಮಂಗಳವಾರ ಲಾರಿ ಇರಲ್ವಾ? ಗುರುವಾರ ಇರಲ್ವಾ? ನಿನಗೆ ಆ ಕಡೆದು ಏನು ಕಾಣುತ್ತೆ, ಮಣ್ಣು!"

ಬೆನ್ನು ತಿರುಗಿಸಿಕೊಂಡು ಒಂದು ಹಿಡಿ ಉಪ್ಪನ್ನು ಬಟ್ಟೆಯಲ್ಲಿ ಕಟ್ಟಿಕೊಟ್ಟೆ. "ಗಾಜಿಗೆ ಮಾತ್ರ. ಒಂದು ಕಾಳು ಬಾಯಿಗೆ ಹೋದ್ರೆ ನೋಡಿ ಮತ್ತೆ" ಎಂದು ಗದರಿದೆ. "ಹೂಂ, ಹೂಂ, ಕೇಳಿಸ್ತು" ಎನ್ನುತ್ತಾ ಟೋಪಿ ಹಾಕಿಕೊಂಡು ಅಂಗಳಕ್ಕೆ ಹೋದರು. ಇನ್ನೂ ಉಜ್ಜುತ್ತಿದ್ದಾರೆ.